ಎಣ್ಣೆ ಹೊರಗೆ ಸೋರದಿದ್ದರೂ ಯಂತ್ರ ಸೋಲುವುದೇಕೆ? ಜೋಸೆಫ್ ಬ್ರಾಮಾನ ಕತೆ

ಕಟ್ಟಿಗೆ ಸೀಳುವ ಹೈಡ್ರಾಲಿಕ್ ಯಂತ್ರ ಮೊನ್ನೆಯವರೆಗೆ ಜಾಲಿಯ ದಿಮ್ಮಿಯನ್ನು ಸಲೀಸಾಗಿ ಸೀಳುತ್ತಿತ್ತು. ಇವತ್ತು ಅರ್ಧ ಸೀಳಿ ನಿಲ್ಲುತ್ತಿದೆ. ಎಣ್ಣೆ ಭರ್ತಿ ಇದೆ, ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಸೋರಿಕೆ ಇಲ್ಲವೆಂದಮೇಲೆ ಪಂಪೇ ಕೆಟ್ಟಿರಬೇಕು ಎಂದು ಹೆಚ್ಚಿನವರು ತೀರ್ಮಾನಿಸುತ್ತಾರೆ. ಗೋಕಾಕ ಸೀಮೆಯ ಮೇಲವಂಕಿಯಲ್ಲಿ ಮಣ್ಣು ತುಂಬಿದ ಟ್ರೇಲರ್ ಅರ್ಧ ಎದ್ದು ನಿಂತರೂ ಲೆಕ್ಕ ಇದೇ, ಏಕೆಂದರೆ ಎರಡರಲ್ಲೂ ಕೆಲಸ ಮಾಡುವುದು ಹೈಡ್ರಾಲಿಕ್ ಸಿಲಿಂಡರೇ. ಈ ತೀರ್ಮಾನ ಎಷ್ಟು ಸರಿ ಎಂದು ತಿಳಿಯಲು ನಾವು ಇನ್ನೂರು ವರ್ಷ ಹಿಂದೆ ಹೋಗಬೇಕು.

ಜೋಸೆಫ್ ಬ್ರಾಮಾ 1748ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸ್ಟೇನ್‌ಬರೋದಲ್ಲಿ ರೈತನ ಮನೆಯಲ್ಲಿ ಹುಟ್ಟಿದ. ಹರೆಯದಲ್ಲಿ ಕಾಲಿಗೆ ಪೆಟ್ಟಾಗಿ ಹೊಲದ ದುಡಿಮೆ ಕೈಬಿಟ್ಟುಹೋಯಿತು, ಬಡಗಿಯ ಬಳಿ ಕೆಲಸ ಕಲಿತ. ಆಮೇಲೆ ಲಂಡನ್ನಿಗೆ ಬಂದು ಮನೆಗಳಿಗೆ ನೀರಿನ ಕಕ್ಕಸು ಕೂರಿಸತೊಡಗಿದ. ಅದರ ಕವಾಟಗಳು ಸರಿಯಾಗಿ ಮುಚ್ಚದಿರುವುದನ್ನು ಕಂಡು ತಿದ್ದಿ, 1778ರಲ್ಲಿ ತನ್ನ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ನೀರು ಸೋರದಂತೆ ಮುಚ್ಚುವ ಸಮಸ್ಯೆ ಅವನಿಗೆ ಅಂಟಿಕೊಂಡದ್ದು ಅಲ್ಲಿಂದಲೇ ಇರಬೇಕು ಎಂದು ನಮಗನ್ನಿಸುತ್ತದೆ.

1784ರಲ್ಲಿ ಬೀಗವೊಂದಕ್ಕೆ ಪೇಟೆಂಟ್ ಬಂತು. 1790ರಲ್ಲಿ ಆ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಇದನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಎಂದು ಸವಾಲು ಹಾಕಿದ. ಅವನ ಜೀವಮಾನದಲ್ಲಿ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಅಮೆರಿಕದ ಹಾಬ್ಸ್ ಎಂಬಾತ 16 ದಿನಗಳಲ್ಲಿ ಹರಡಿದ 51 ತಾಸು ಕೂತು ತೆರೆದ. ಬೀಗದ ಬಿಡಿಭಾಗ ಕೊರೆಯಲು ಬ್ರಾಮಾ ಸೇರಿಸಿಕೊಂಡಿದ್ದ ಹುಡುಗನ ಹೆಸರು ಹೆನ್ರಿ ಮಾಡ್ಸ್ಲಿ. ಆಗ ಅವನಿಗೆ 18ರ ಆಸುಪಾಸು.

ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿಕೊಟ್ಟಿದ್ದ. ಒಂದು ಚದರ ಸೆಂಟಿಮೀಟರಿನ ಸಣ್ಣ ಕೊಂತದ ಮೇಲೆ 10 ಕಿಲೋ ಒತ್ತಿದರೆ, 100 ಚದರ ಸೆಂಟಿಮೀಟರಿನ ದೊಡ್ಡ ಕೊಂತ 1000 ಕಿಲೋ ಎತ್ತಬಲ್ಲದು. ಕಾಗದದ ಮೇಲೆ ಸುಲಭ. ಬ್ರಾಮಾ ಕಟ್ಟಲು ಹೊರಟಾಗ ತೊಡಕಾದದ್ದು ದೊಡ್ಡ ಕೊಂತದ ಸುತ್ತಲಿನ ಸಂದು. ಸಡಿಲ ಬಿಟ್ಟರೆ ನೀರು ಚಿಮ್ಮುತ್ತಿತ್ತು, ಬಿಗಿಯಾಗಿ ತುರುಕಿದರೆ ಒತ್ತಡ ತೆಗೆದಮೇಲೂ ಕೊಂತ ಕೆಳಗಿಳಿಯುತ್ತಿರಲಿಲ್ಲ.

ಉತ್ತರ ಬಂದದ್ದು ಮಡಚಿದ ತೊಗಲಿನ ಒಂದು ಬಳೆಯಿಂದ. ಬಳೆಯ ಮಡಿಕೆಯೊಳಗೆ ನೀರು ನುಗ್ಗಿ ಅದರ ತುಟಿಗಳನ್ನು ಗೋಡೆಗೂ ಕೊಂತಕ್ಕೂ ಒತ್ತುತ್ತದೆ. ಒತ್ತಡ ಏರಿದಷ್ಟೂ ಹಿಡಿತ ಬಿಗಿ, ಇಳಿದರೆ ತಾನೇ ಸಡಿಲ. 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಸಿಕ್ಕಿದ್ದು ಬ್ರಾಮಾನ ಹೆಸರಿಗೆ. ಆದರೆ ಈ ತೊಗಲಿನ ಯೋಚನೆ ಮಾಡ್ಸ್ಲಿಯದು ಎಂದು ಅವನ ಬಳಿ ಮುಂದೆ ದುಡಿದ ಜೇಮ್ಸ್ ನಾಸ್ಮಿತ್ ಹೇಳಿಟ್ಟಿದ್ದಾನೆ. ವಾರಕ್ಕೆ 30 ಷಿಲ್ಲಿಂಗ್ ಸಾಲದೆಂದು ಮಾಡ್ಸ್ಲಿ ಹೆಚ್ಚಿಗೆ ಕೇಳಿದಾಗ ಬ್ರಾಮಾ ಒಪ್ಪಲಿಲ್ಲ, ಮಾಡ್ಸ್ಲಿ ಹೊರಟುಹೋದ. ಜಾಣನಾದ ಬ್ರಾಮಾ ಇಲ್ಲಿ ಮಾತ್ರ ಜಿಪುಣನಾದ.

ಇಂದಿನ ಸಿಲಿಂಡರಿನಲ್ಲಿ ತೊಗಲಿನ ಬದಲು ರಬ್ಬರ್ ಅಥವಾ ಪಾಲಿಯುರೆಥೇನ್ ಸೀಲ್ ಇರುತ್ತದೆ, ಕೆಲಸ ಅದೇ. ಪಿಸ್ಟನ್ನಿನ ಸೀಲ್ ಸವೆದರೆ ಎಣ್ಣೆ ಹೊರಗೆ ಬರುವುದಿಲ್ಲ; ಪಿಸ್ಟನ್ನಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಜಾರಿ ಟ್ಯಾಂಕಿಗೆ ಮರಳುತ್ತದೆ. ನೆಲ ಒಣಗಿಯೇ ಇರುತ್ತದೆ. 10 ಸೆಂಟಿಮೀಟರ್ ವ್ಯಾಸದ ಸಿಲಿಂಡರ್ 200 ಬಾರ್ ಒತ್ತಡದಲ್ಲಿ ಸುಮಾರು 16 ಟನ್ ಒತ್ತುತ್ತದೆ, 100 ಬಾರಿಗೇ ಜಾರತೊಡಗಿದರೆ ಎಂಟೇ ಟನ್. ಬರಿದಾಗಿ ಓಡುವಾಗ ಒತ್ತಡವೇ ಬೇಕಿಲ್ಲದ್ದರಿಂದ ಪಿಸ್ಟನ್ ಚುರುಕಾಗಿಯೇ ಕಾಣುತ್ತದೆ.

ಆದ್ದರಿಂದ ಮೊದಲು ಪಿಸ್ಟನ್ನನ್ನು ಕೊನೆಯವರೆಗೆ ಚಾಚಿ ಮಾಪಕ ನೋಡಿ. ಒತ್ತಡ ಪೂರ್ತಿ ಏರಿದರೆ ದೋಷ ಮೊಂಡಾದ ಅಲಗಿನದೋ ಗಂಟಿನ ದಿಮ್ಮಿಯದೋ ಇರಬೇಕು. ಏರದಿದ್ದರೆ ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಮೆಕ್ಯಾನಿಕ್ ಕೈಯಿಂದ ದಂಡದ ಕಡೆಯ ಹೋಸ್ ಬಿಚ್ಚಿಸಿ, ಅದರ ಬಾಯಿ ಮುಚ್ಚಿಸಿ, ಮತ್ತೆ ಚಾಚುವ ದಿಕ್ಕಿಗೇ ಒತ್ತಡ ಕೊಡಿಸಿ. ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆ ಬರುತ್ತಲೇ ಇದ್ದರೆ ಸೀಲ್ ಹೋಗಿದೆ. ಬಾರದಿದ್ದರೆ ಕಸ ಸಿಕ್ಕಿಕೊಂಡ ರಿಲೀಫ್ ಕವಾಟ, ಆಮೇಲೆ ಪಂಪು. ಕವಾಟದ ತಿರುಪನ್ನು ಸುಮ್ಮನೆ ಬಿಗಿಮಾಡುವುದು ಹೋಸ್ ಸಿಡಿಸುವ ದಾರಿ. ಸೋರಿಕೆ ಹುಡುಕಲು ಬೆರಳು ಆಡಿಸಲೇಬೇಡಿ, ರಟ್ಟು ಬಳಸಿ: ಸೂಜಿಯಷ್ಟು ತೂತಿನ ಎಣ್ಣೆ ಚರ್ಮ ಕೊರೆದು ಒಳಹೋಗುತ್ತದೆ. ಗಾಯ ಚುಕ್ಕೆಯಷ್ಟಿದ್ದು ನೋವಿಲ್ಲದಿದ್ದರೂ ಕೂಡಲೇ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳೇ ಹೋಗಬಹುದು.

ಬ್ರಾಮಾ ಬಿಯರ್ ಪಂಪು, ನೋಟುಗಳಿಗೆ ಸಂಖ್ಯೆ ಒತ್ತುವ ಯಂತ್ರಗಳನ್ನೂ ಮಾಡಿದ. 1814ರಲ್ಲಿ ಹ್ಯಾಂಪ್‌ಷೈರ್‌ನ ಹೋಲ್ಟ್ ಕಾಡಿನಲ್ಲಿ ತನ್ನ ಹೈಡ್ರಾಲಿಕ್ ಯಂತ್ರದಿಂದ ಮರಗಳನ್ನು ಬುಡಸಮೇತ ಕೀಳಿಸುತ್ತಿದ್ದಾಗ ಅವನಿಗೆ ಥಂಡಿ ತಗುಲಿತು. ಅದು ನ್ಯುಮೋನಿಯಾಕ್ಕೆ ತಿರುಗಿ ಡಿಸೆಂಬರ್ 9ರಂದು ತೀರಿಕೊಂಡ, 66ನೇ ವಯಸ್ಸಿನಲ್ಲಿ. ಕಿಟಕಿಯ ಬೀಗ ಆಗಲೂ ಮುಚ್ಚಿಯೇ ಇತ್ತು.