ಫಿರಂಗಿ ಒಪ್ಪಿಸದ ನರಗುಂದದ ಬಾಬಾಸಾಹೇಬ

ನರಗುಂದದ ಬಾಬಾಸಾಹೇಬ ಎಂದೇ ಹೆಸರಾದ ಭಾಸ್ಕರರಾವ್ ಭಾವೆ ಓದಿನ ಗೀಳಿನ ಅರಸ. ಅವರ ಸಂಗ್ರಹದಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳಿದ್ದವು. ಸಂಸ್ಥಾನಕ್ಕೆ ವಾರಸುದಾರನಿರಲಿಲ್ಲ. ದತ್ತು ಪಡೆಯಲು ಅನುಮತಿ ಕೇಳಿದರೆ ಬ್ರಿಟಿಷರು ಒಪ್ಪಲಿಲ್ಲ. ಆ ಗಾಯ ಆರುವ ಮೊದಲೇ 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು.

ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ ಎಂಬುದು ಸರ್ಕಾರದ ಕಟ್ಟಪ್ಪಣೆ. ಮುಧೋಳ ಬಳಿಯ ಹಲಗಲಿಯ ಬೇಡರು ಇದನ್ನು ಧಿಕ್ಕರಿಸಿ ಅದೇ ನವೆಂಬರ್‌ನಲ್ಲಿ ದಂಗೆ ಎದ್ದರು. ಸೈನ್ಯ ಊರನ್ನೇ ಸುಟ್ಟಿತು, ಹಲವರು ಗಲ್ಲಿಗೇರಿದರು. ಬೇಟೆಯನ್ನೇ ನಂಬಿದವರಿಗೆ ಬಂದೂಕು ಬರೀ ಆಯುಧವಲ್ಲ, ಅನ್ನ.

ನಂತರ ನರಗುಂದದ ಸರದಿ. ಕೋಟೆಯ ಫಿರಂಗಿ, ಮದ್ದುಗುಂಡುಗಳನ್ನು ಧಾರವಾಡಕ್ಕೆ ಕಳುಹಿಸುವಂತೆ ಆದೇಶ ಬಂತು. ಬಾಬಾಸಾಹೇಬರು ಎಲ್ಲವನ್ನೂ ಕಳುಹಿಸಲಿಲ್ಲ.

1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದ. ಬಾಬಾಸಾಹೇಬರ ಪಡೆ ದಾಳಿ ಮಾಡಿ ಆತನನ್ನು ಕೊಂದಿತು. ರುಂಡವನ್ನು ನರಗುಂದಕ್ಕೆ ತಂದು ಬಾಗಿಲಿಗೆ ತೂಗುಹಾಕಲಾಯಿತು. ಕೆಲವೇ ದಿನಗಳಲ್ಲಿ ಕರ್ನಲ್ ಮಾಲ್ಕಮ್ ಸೇನೆ ನರಗುಂದವನ್ನು ವಶಪಡಿಸಿಕೊಂಡಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರು ತೊರಗಲ್ ಕಾಡಿನಲ್ಲಿ ಸಿಕ್ಕಿಬಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಸೋಲಿನ ಸುದ್ದಿ ತಿಳಿದು ಅವರ ತಾಯಿ ಮತ್ತು ಪತ್ನಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು.