ಕೈ ತೊಳೆಯುವ ಪಾಠ ಹೇಳಿದ ವೈದ್ಯ: ಇಗ್ನಾಜ್ ಸೆಮ್ಮೆಲ್ವೈಸ್



ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾದ ಮೇಲೆ ಡಾಕ್ಟರ್ ಆಗುವ ಕನಸು ನಮ್ಮ ಜಿಲ್ಲೆಯ ಮಕ್ಕಳ ಮನೆ ಬಾಗಿಲಿಗೇ ಬಂದಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲೂ ಇಂದು ತಂದೆತಾಯಿ ಮಗಳು ಡಾಕ್ಟರ್ ಆಗಲಿ, ನರ್ಸ್ ಆಗಲಿ ಎಂದು ಆಶಿಸುತ್ತಾರೆ. ಆ ದಾರಿಯಲ್ಲಿ ಹೋಗುವವರು ಮೊದಲು ಕಲಿಯಬೇಕಾದ ಪಾಠ ಬಹಳ ಚಿಕ್ಕದು. ಅದು ಕೈ ತೊಳೆಯುವುದು. ಈ ಚಿಕ್ಕ ಪಾಠವನ್ನು ಜಗತ್ತಿಗೆ ಹೇಳಲು ಹೋಗಿ ತನ್ನ ಬಾಳನ್ನೇ ಸವೆಸಿದ ವೈದ್ಯರೊಬ್ಬರ ಜೀವನವನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ.

ಇಗ್ನಾಜ್ ಸೆಮ್ಮೆಲ್ವೈಸ್ 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದಲ್ಲಿ ಜನಿಸಿದರು. ತಂದೆ ದಿನಸಿ ವ್ಯಾಪಾರಿ. ಮಗ ಕಾನೂನು ಓದಲೆಂದು 1837ರಲ್ಲಿ ವಿಯೆನ್ನಾಕ್ಕೆ ಹೋದರು. ಆದರೆ ಮನಸ್ಸು ವೈದ್ಯಶಾಸ್ತ್ರದ ಕಡೆಗೆ ತಿರುಗಿತು. 1844ರಲ್ಲಿ ವೈದ್ಯ ಪದವಿ ಪಡೆದು, 1846ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಕ್ಲೈನ್ ಅವರ ಸಹಾಯಕರಾದರು.

ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಸೂಲಗಿತ್ತಿಯರ ವಿಭಾಗದಲ್ಲಿ ನೂರಕ್ಕೆ ಸುಮಾರು 3 ತಾಯಂದಿರು ಸತ್ತರೆ, ವಿದ್ಯಾರ್ಥಿಗಳ ವಿಭಾಗದಲ್ಲಿ 11ಕ್ಕೂ ಹೆಚ್ಚು ತಾಯಂದಿರು ಸತ್ತರು. ಹೆಚ್ಚಿನ ಸಾವುಗಳಿಗೆ ಕಾರಣ ಬಾಣಂತಿ ಜ್ವರ. ಮೊದಲನೇ ವಿಭಾಗಕ್ಕೆ ಸೇರಿಸಬೇಡಿರೆಂದು ಬಡ ಗರ್ಭಿಣಿಯರು ಅಳುತ್ತಾ ಬೇಡಿಕೊಳ್ಳುತ್ತಿದ್ದರು. ಹೆಚ್ಚು ಓದಿದವರ ಕೈಯಲ್ಲೇ ಹೆಚ್ಚು ಸಾವು ಏಕೆ? ಈ ಪ್ರಶ್ನೆ ಸೆಮ್ಮೆಲ್ವೈಸರ ನಿದ್ದೆ ಕೆಡಿಸಿತು.

1847ರಲ್ಲಿ ಅವರ ಗೆಳೆಯ ಪ್ರೊಫೆಸರ್ ಕೊಲ್ಲೆಚ್ಕಾ ತೀರಿಕೊಂಡರು. ಶವ ಪರೀಕ್ಷೆಯ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿತ್ತು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತವರ ಲಕ್ಷಣಗಳಂತೆಯೇ ಇದ್ದವು. ಆಗ ಸೆಮ್ಮೆಲ್ವೈಸರಿಗೆ ವಿಷಯ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು; ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಅಂದರೆ ಸಾವನ್ನು ಹೊತ್ತು ತಂದದ್ದು ವೈದ್ಯರ ಕೈಗಳು, ಅವುಗಳಲ್ಲಿ ತಮ್ಮ ಕೈಗಳೂ ಸೇರಿದ್ದವು! ಈ ಸತ್ಯವನ್ನು ಅವರು ಮುಚ್ಚಿಡಲಿಲ್ಲ.

1847ರ ಮೇ ತಿಂಗಳಿನಿಂದ ಹೆರಿಗೆ ಕೋಣೆಗೆ ಬರುವ ಪ್ರತಿಯೊಬ್ಬರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದರು. ಇದಕ್ಕೆ ಮುಂದೆ ಬಳಸಿದ್ದು ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೇ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ಅಕ್ಟೋಬರ್‌ನಲ್ಲಿ ಮತ್ತೊಂದು ಪಾಠ ಸಿಕ್ಕಿತು. ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಒಬ್ಬ ಮಹಿಳೆಯನ್ನು ಪರೀಕ್ಷಿಸಿದ ಕೈಗಳು ಸಾಬೂನಿನಿಂದ ಮಾತ್ರ ತೊಳೆದುಕೊಂಡು ಪಕ್ಕದ ಹಾಸಿಗೆಗಳಿಗೆ ಹೋದವು; ಹನ್ನೊಂದು ತಾಯಂದಿರು ಸತ್ತರು. ಅಂದಿನಿಂದ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗಲೂ ಕ್ಲೋರಿನ್ ನೀರಿನಲ್ಲಿ ತೊಳೆಯುವುದು ಕಡ್ಡಾಯವಾಯಿತು.

ಆದರೆ ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈ ಕೊಳಕು ಎಂಬ ಮಾತೇ ಅವರಿಗೆ ಅವಮಾನವೆನಿಸಿತು. 1849ರಲ್ಲಿ ಸೆಮ್ಮೆಲ್ವೈಸರ ಹುದ್ದೆ ಮುಂದುವರಿಯಲಿಲ್ಲ. ಅವರಲ್ಲೂ ಒಂದು ಕೊರತೆಯಿತ್ತು. ತಮ್ಮ ಶೋಧನೆಯನ್ನು ಬಹುಕಾಲ ಸ್ವತಃ ಬರೆದು ವಿವರಿಸಲಿಲ್ಲ. ಅವರ ಗ್ರಂಥ ಹೊರಬಂದದ್ದು 1861ರಲ್ಲಿ. ಅಷ್ಟರಲ್ಲಿ ತಾಳ್ಮೆ ಮುಗಿದಿತ್ತು. ಒಪ್ಪದವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಜರೆದರು. ಹೀಗೆ ಮನವೊಲಿಸಬೇಕಾದವರು ಇನ್ನೂ ದೂರ ಸರಿದರು.

ಪೆಸ್ಟ್ ನಗರದ ಸಂತ ರೋಕಸ್ ಆಸ್ಪತ್ರೆಯಲ್ಲಿ ಆರು ವರ್ಷಗಳಲ್ಲಿ 933 ಹೆರಿಗೆಗಳಲ್ಲಿ ಬಾಣಂತಿ ಜ್ವರದಿಂದ ಸತ್ತವರು ಕೇವಲ 8 ಮಂದಿ. ಆದರೂ ಜಗತ್ತು ಕಿವಿಗೊಡಲಿಲ್ಲ. ಮನಸ್ಸು ಕದಡಿ 1865ರಲ್ಲಿ ಅವರನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜೇರಿ ತೀರಿಕೊಂಡರು. ಅವರಿಗೆ 47 ವರ್ಷ. ಯಾವ ನಂಜಿನ ವಿರುದ್ಧ ಹೋರಾಡಿದರೋ ಅದೇ ಅವರನ್ನು ಬಲಿ ತೆಗೆದುಕೊಂಡಿತು. ಅದರ ಹಿಂದಿನ ದಿನವಷ್ಟೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಒಬ್ಬ ಬಾಲಕನ ಮುರಿದ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಚ್ಚಿ ನಂಜು ತಡೆಯುವ ಪ್ರಯೋಗ ಆರಂಭಿಸಿದ್ದರು. ಮುಂದೆ ಲೂಯಿ ಪಾಶ್ಚರ್ ರೋಗಾಣುಗಳನ್ನು ತೋರಿಸಿಕೊಟ್ಟಾಗ ಸೆಮ್ಮೆಲ್ವೈಸರ ಮಾತು ನಿಜವೆಂದು ಜಗತ್ತು ಒಪ್ಪಿತು. ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯ ಇಂದು ಅವರ ಹೆಸರನ್ನೇ ಹೊತ್ತಿದೆ.

ಈ ಜೀವನದಿಂದ ನಾವು ಕಲಿಯುವುದೇನು? ಸತ್ಯ ತಿಳಿದರೆ ಸಾಲದು, ಅದನ್ನು ಇನ್ನೊಬ್ಬರ ಮನಸ್ಸಿಗೆ ಮುಟ್ಟುವಂತೆ ಕಲಿಸಬೇಕು. ಕಿರಿಯ ವೈದ್ಯನಿಗೆ ಕೈ ತೊಳೆ ಎಂದು ಆಜ್ಞೆ ಮಾಡಿದರೆ ಹಿರಿಯರು ನೋಡುವಾಗ ಮಾತ್ರ ತೊಳೆಯುತ್ತಾನೆ. ಕಾರಣ ತಿಳಿಸಿದರೆ ಯಾರೂ ನೋಡದಿದ್ದಾಗಲೂ ತೊಳೆಯುತ್ತಾನೆ. ದಿನಕ್ಕೆ ಐದು ಹೊತ್ತು ವುಝೂ ಮಾಡುವ ನಮಗೆ ಶುಚಿತ್ವ ಹೊಸದಲ್ಲ. ಆದರೆ ವುಝೂ ಮಾಡಿದ್ದೇನೆ ಎಂದು ವಾರ್ಡಿನಲ್ಲಿ ಸುಮ್ಮನಿರುವಂತಿಲ್ಲ. ಸಾಬೂನು ನೀರಿನಿಂದ 40ರಿಂದ 60 ಸೆಕೆಂಡು, ಇಲ್ಲವೇ ಆಲ್ಕೋಹಾಲ್ ದ್ರಾವಣದಿಂದ 20ರಿಂದ 30 ಸೆಕೆಂಡು, ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ನಂತರವೂ ಕೈ ಉಜ್ಜಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಗವಸು ಹಾಕಿದರೂ ಇದು ತಪ್ಪದು.

ಮುಂದೊಂದು ದಿನ ನಮ್ಮ ಶಾಲೆಗಳಲ್ಲಿ ಓದಿದ ಮಗುವೇ ಹೆರಿಗೆ ವಾರ್ಡಿನಲ್ಲಿ ನಿಂತಿರಬಹುದು. ಆ ಕೈಗಳು ತಾಯಿ ಮಗುವಿಗೆ ಜೀವ ತರುವ ಕೈಗಳಾಗಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಅದನ್ನು ತಾಳ್ಮೆಯಿಂದ ಹಂಚುವ ಗುಣವನ್ನೂ ದಯಪಾಲಿಸಲಿ. ಆಮೀನ್.