ಚಿತ್ರಪಟದ ಜನಕ ದಾದಾಸಾಹೇಬ ಫಾಲ್ಕೆ

ನಾಶಿಕ ಜಿಲ್ಲೆಯೆಂದೊಡನೆ ಮುಂಬಯಿಯಲ್ಲಿ ಓದುತ್ತಿರುವ ನಮಗೆ ಮೊದಲು ನೆನಪಾಗುವುದು ಮಾರುಕಟ್ಟೆ. ಅಲ್ಲಿಯ ದ್ರಾಕ್ಷಿ, ಸಟಾಣಾದ ದಾಳಿಂಬೆ, ಈರುಳ್ಳಿ ನಮ್ಮ ಮನೆಗಳಿಗೆ ವರ್ಷವೂ ಬರುತ್ತವೆ. ಅದೇ ಜಿಲ್ಲೆಯಲ್ಲಿ, ಗೋದಾವರಿಯು ಹುಟ್ಟುವ ತ್ರ್ಯಂಬಕೇಶ್ವರದಲ್ಲಿ, 1870ನೆಯ ಇಸವಿ ಏಪ್ರಿಲ್ 30ರಂದು ಜನಿಸಿದವರು ಧುಂಡಿರಾಜ ಗೋವಿಂದ ಫಾಲ್ಕೆ. ಭಾರತೀಯರಿಗೆ ಚಿತ್ರಪಟವೆಂಬುದನ್ನು ಕಲಿಸಿಕೊಟ್ಟವರು ಇವರು. ಕತ್ತಲೆಯ ಕೋಣೆಯಲ್ಲಿ ಒಂದು ಬಿಳಿಯ ಬಟ್ಟೆಯ ಎದುರಿಗೆ ಕುಳಿತವನು ತನ್ನ ಮನೆಮಠಗಳನ್ನೆಲ್ಲ ಮರೆತು, ಬಟ್ಟೆಯ ಮೇಲಿನ ನೆರಳುಗಳೊಡನೆ ನಗುತ್ತಾನೆ, ಅಳುತ್ತಾನೆ. ಇದು ಹೇಗೆ ಸಾಧ್ಯವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಅವರು ತಮ್ಮ ಆಯುಷ್ಯವನ್ನೇ ಕಳೆದರು.

ತಂದೆ ಸಂಸ್ಕೃತ ವಿದ್ವಾಂಸರು. ಮುಂಬಯಿಯಲ್ಲಿ ಅವರಿಗೆ ಅಧ್ಯಾಪಕ ವೃತ್ತಿ ದೊರೆತುದರಿಂದ ಕುಟುಂಬವು ಇಲ್ಲಿಗೆ ಬಂದಿತು. ಹುಡುಗನ ಒಲವು ಶಾಸ್ತ್ರಗಳಿಗಿಂತ ಹೆಚ್ಚಾಗಿ ಚಿತ್ರಕಲೆಯ ಕಡೆಗಿತ್ತು. 1885ರಲ್ಲಿ ಇಲ್ಲಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ ಅವರು ಮುಂದೆ ಬಡೋದೆಯ ಕಲಾಭವನದಲ್ಲಿ ಅಭ್ಯಾಸ ಮಾಡಿದರು. ಛಾಯಾಚಿತ್ರಗ್ರಹಣವನ್ನು ಕಲಿತು ಗೋಧ್ರಾದಲ್ಲಿ ಅಂಗಡಿ ತೆರೆದರು. ಅಲ್ಲಿ ಪ್ಲೇಗು ಬಂದು ಮೊದಲ ಪತ್ನಿಯನ್ನೂ ಮಗುವನ್ನೂ ಕಳೆದುಕೊಂಡರು. ಇಂದ್ರಜಾಲವನ್ನೂ ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಲ್ಲಿ ಪ್ರದರ್ಶನಗಳನ್ನು ಕೊಟ್ಟರು. ಪುರಾತತ್ತ್ವ ಇಲಾಖೆಯಲ್ಲಿ ಕೆಲವು ಕಾಲ ನೌಕರಿ ಮಾಡಿದರು. ಅನಂತರ ಲೋಣಾವಳೆಯಲ್ಲಿ ಮುದ್ರಣದ ಉದ್ಯೋಗಕ್ಕೆ ಇಳಿದು ರಾಜಾ ರವಿವರ್ಮರ ಚಿತ್ರಗಳ ಅಚ್ಚಿನ ಕೆಲಸವನ್ನು ಮಾಡಿದರು. ವರ್ಣಮುದ್ರಣದ ಯಂತ್ರಗಳಿಗಾಗಿ 1909ರಲ್ಲಿ ಜರ್ಮನಿಗೂ ಹೋಗಿಬಂದರು. ಒಂದೂ ನೆಲೆಯಾಗಿ ನಿಲ್ಲಲಿಲ್ಲ. ನೆರೆಹೊರೆಯವರು ಈತನ ಕೈಗೆ ಯಾವುದೂ ಹತ್ತದೆಂದು ಆಡಿಕೊಂಡಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಚಿತ್ರಕಾರನ ಕಣ್ಣು, ಛಾಯಾಗ್ರಾಹಕನ ರಸಾಯನಜ್ಞಾನ, ಐಂದ್ರಜಾಲಿಕನ ಕೈಚಳಕ, ಮನೆಮನೆಯ ಗೋಡೆಗೂ ದೇವರ ಪಟವನ್ನು ತಲುಪಿಸಿದ ಮುದ್ರಕನ ಅನುಭವ, ಇವೆಲ್ಲವೂ ಒಂದೇ ಕಡೆ ಉಪಯೋಗಕ್ಕೆ ಬರುವ ಕಾಲ ದೂರವಿರಲಿಲ್ಲ.

ಮುದ್ರಣಾಲಯದ ಪಾಲುಗಾರಿಕೆ ಮುರಿದ ಮೇಲೆ, 1910–11ರ ಸುಮಾರಿಗೆ, ಗಿರಗಾಂವದಲ್ಲಿ ಅವರು ಏಸುಕ್ರಿಸ್ತನ ಜೀವನದ ಚಿತ್ರವೊಂದನ್ನು ನೋಡಿದರು. ಕಣ್ಣೆದುರಿಗೆ ಕ್ರಿಸ್ತನ ಚಿತ್ರಗಳು ಸರಿಯುತ್ತಿದ್ದಂತೆ ಅವರ ಮನಸ್ಸಿನಲ್ಲಿ ಶ್ರೀಕೃಷ್ಣ, ಗೋಕುಲ, ಶ್ರೀರಾಮ, ಅಯೋಧ್ಯೆ ಒಂದೊಂದಾಗಿ ಮೂಡಿದುವಂತೆ. ಇದನ್ನು ಅವರೇ ಮುಂದೆ ಬರೆದಿದ್ದಾರೆ. ಅಂದಿನಿಂದ ಅವರಿಗೆ ಬೇರೊಂದು ಯೋಚನೆಯಿಲ್ಲ. ಹಗಲೆಲ್ಲ ಪುಸ್ತಕ, ಪ್ರಯೋಗ, ಸಂಜೆಯೆಲ್ಲ ಚಿತ್ರಪ್ರದರ್ಶನ, ನಿದ್ರೆಯಂತೂ ಅಲ್ಪ. ಪರಿಣಾಮವಾಗಿ ಕಣ್ಣು ಕೆಟ್ಟು ಕೆಲಕಾಲ ದೃಷ್ಟಿಯೇ ಮಂಕಾಗಿ ಹೋಯಿತು. ವೈದ್ಯರೊಬ್ಬರ ಚಿಕಿತ್ಸೆಯಿಂದ ಅದು ಮರಳಿತು. ಮರಳಿದ ದೃಷ್ಟಿಯನ್ನು ಅವರು ಮತ್ತೆ ಅದೇ ಕೆಲಸಕ್ಕೆ ಹಚ್ಚಿದರು!

ಜೀವವಿಮೆಯನ್ನು ಒತ್ತೆಯಿಟ್ಟು ಹಣ ಕೂಡಿಸಿ 1912ರಲ್ಲಿ ಲಂಡನ್ನಿಗೆ ಹೋದರು. ಹೆಪ್‌ವರ್ಥ್ ಎಂಬವರ ಕಲಾಗಾರದಲ್ಲಿ ಚಿತ್ರ ತೆಗೆಯುವ ಕ್ರಮವನ್ನು ಕಂಡರು. ವಿಲಿಯಮ್‌ಸನ್ ಕ್ಯಾಮರಾವೊಂದನ್ನು ಕೊಂಡು ಹಿಂದಿರುಗಿದರು. ಆದರೆ ಬಂಡವಾಳ ಹಾಕುವವರು ಯಾರು? ಅವರನ್ನು ಒಪ್ಪಿಸಲು ಫಾಲ್ಕೆಯವರು ಕುಂಡದಲ್ಲಿ ಬಟಾಣಿಯ ಕಾಳನ್ನು ನೆಟ್ಟು, ಒಂದು ತಿಂಗಳಿಗೂ ಮಿಕ್ಕಿ ಅದರ ಬೆಳವಣಿಗೆಯನ್ನು ಬಿಡಿಬಿಡಿ ಚಿತ್ರಗಳಾಗಿ ತೆಗೆದರು. ಅವನ್ನು ಒಂದರ ಹಿಂದೊಂದು ವೇಗವಾಗಿ ಓಡಿಸಿದಾಗ ಕಾಳು ಒಡೆದು, ಮೊಳಕೆ ಎದ್ದು, ಬಳ್ಳಿಯಾಗಿ ಹಬ್ಬುವುದು ನಿಮಿಷಗಳಲ್ಲಿ ನಡೆದುಹೋಯಿತು. ಇದರಲ್ಲಿ ಕಪಟವಿಲ್ಲ; ಒಂದೊಂದು ಚಿತ್ರವೂ ಸತ್ಯ. ಆದರೂ ಯಾರ ಕಣ್ಣೂ ಕಾಣದ ನೋಟವದು. ಅವರ ಮುಂದಿನ ಚಿತ್ರಗಳಿಗೆಲ್ಲ ಬೀಜ ಈ ಬಟಾಣಿಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

‘ರಾಜಾ ಹರಿಶ್ಚಂದ್ರ’ದ ಸಿದ್ಧತೆ ದಾದರದಲ್ಲಿ ನಡೆಯಿತು. ಆ ಮನೆ ಅಕ್ಷರಶಃ ಕಾರ್ಖಾನೆಯಾಯಿತು. ಎರಡನೆಯ ಪತ್ನಿ ಸರಸ್ವತೀಬಾಯಿಯವರು ಹತ್ತಾರು ಮಂದಿ ಕೆಲಸಗಾರರಿಗೆ ಅಡಿಗೆ ಮಾಡಿ ಬಡಿಸುವರು. ರಾತ್ರಿ ಕತ್ತಲೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರಗಳನ್ನು ಕೊರೆಯುವರು. ಅದನ್ನು ರಸಾಯನದಲ್ಲಿ ಅದ್ದಿ ತೊಳೆಯುವರು. ಅವರನ್ನು ಬಿಟ್ಟು ಈ ಕಥೆಯನ್ನು ಹೇಳುವುದು ಅನ್ಯಾಯ. ರಾಣಿಯ ಪಾತ್ರಕ್ಕೆ ಯಾವ ಹೆಣ್ಣೂ ಒಪ್ಪಲಿಲ್ಲ. ಕೊನೆಗೆ ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ತರುಣ ತಾರಾಮತಿಯಾದನು. ಮಗ ಭಾಲಚಂದ್ರ ರೋಹಿದಾಸನಾದನು. ರಾಘವಾಂಕನ ಕಾವ್ಯವನ್ನು ಕೇಳಿ ಬೆಳೆದ ನಮಗೆ ಇವರೇ ಚಂದ್ರಮತಿ ಮತ್ತು ಲೋಹಿತಾಶ್ವ. 1913ರ ಮೇ 3ರಂದು ಗಿರಗಾಂವದ ಕಾರೊನೇಶನ್ ಚಿತ್ರಗೃಹದಲ್ಲಿ ಚಿತ್ರವು ಸಾರ್ವಜನಿಕರಿಗೆ ತೆರೆಯಿತು. ಮುಂಬಯಿಯ ಜನ ಮುಗಿಬಿದ್ದರು. ಸೂರತ್ತಿನಲ್ಲಿ ಮಾತ್ರ ಮೊದಲ ದಿನದ ಗಳಿಕೆ ಮೂರೇ ರೂಪಾಯಿಯಂತೆ. ಕಡಿಮೆ ದುಡ್ಡಿಗೆ ಆರು ತಾಸು ನಾಟಕ ನೋಡುವ ಊರಿಗೆ ಇದು ತೀರ ಚಿಕ್ಕದೆನಿಸಿತ್ತು. ಫಾಲ್ಕೆಯವರು ಚಿತ್ರದಲ್ಲಿರುವ ಸಾವಿರಾರು ಛಾಯಾಚಿತ್ರಗಳ ಲೆಕ್ಕವನ್ನೂ ಫಿಲ್ಮಿನ ಮೈಲುಗಳ ಉದ್ದವನ್ನೂ ಜಾಹೀರಾತಿನಲ್ಲಿ ಸಾರಿದ ಮೇಲೆ ಜನ ಬಂದರೆಂದು ಹೇಳುತ್ತಾರೆ. ಒಳಗೆ ಬಂದು ಕುಳಿತವರು ಲೆಕ್ಕವನ್ನು ಮರೆತಿರಬೇಕು.

ಅದೇ ವರ್ಷ ಅವರು ತಮ್ಮ ಕಾರ್ಯಾಲಯವನ್ನು ನಾಶಿಕಕ್ಕೆ ಸಾಗಿಸಿದರು. ನದಿ, ಘಟ್ಟ, ಗುಡಿ, ಗುಡ್ಡ ಎಲ್ಲವೂ ಅಲ್ಲಿ ಕೈಯಳತೆಯಲ್ಲಿದ್ದುವು. ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು, ನಮ್ಮ ಚಿತ್ರಗಳಿಗೆ ಸ್ತ್ರೀಯರು ಬಂದುದು ಹೀಗೆ. ಮೊದಲ ಮಹಾಯುದ್ಧದ ಮುಗ್ಗಟ್ಟನ್ನು ಹೇಗೋ ದಾಟಿ 1917ರಲ್ಲಿ ‘ಲಂಕಾದಹನ’ವನ್ನು ಸಿದ್ಧಪಡಿಸಿದರು. ಈ ಚಿತ್ರದಲ್ಲಿ ಒಂದು ಸೋಜಿಗವಿದೆ. ಶ್ರೀರಾಮನೂ ಸಾಳುಂಕೆಯೇ, ಸೀತೆಯೂ ಸಾಳುಂಕೆಯೇ! ಮಾತಿಲ್ಲ, ಬಣ್ಣವಿಲ್ಲ, ಹೆಣ್ಣಿನ ವೇಷದಲ್ಲಿರುವವನು ಗಂಡಸು. ಆದರೂ ಪರದೆಯ ಮೇಲೆ ಶ್ರೀರಾಮನು ಕಾಣಿಸಿದೊಡನೆ ಪ್ರೇಕ್ಷಕರು ಪಾದರಕ್ಷೆಗಳನ್ನು ಕಳಚಿ ಕೈಮುಗಿಯುತ್ತಿದ್ದರು. ಬೆಳಗಿನಿಂದ ನಡುರಾತ್ರಿಯವರೆಗೆ ಆಟಗಳು ನಡೆದುವು. ಈಗ ನಮ್ಮ ನಗರದ ಚಿತ್ರಮಂದಿರಗಳಲ್ಲಿ ನಾಲ್ಕು ದಿಕ್ಕಿನಿಂದಲೂ ಧ್ವನಿ ಬರುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಂಡರೆ ಬಾಣವು ಮುಖಕ್ಕೇ ಬಂದಂತಾಗುತ್ತದೆ. ನಾವು ಬೆಚ್ಚಿಬೀಳುತ್ತೇವೆ, ನಿಜ. ಆದರೆ ಬೆಚ್ಚಿಬೀಳುವುದು ಬೇರೆ, ಚಪ್ಪಲಿ ಕಳಚುವುದು ಬೇರೆ. ಆ ಜನರ ಎದೆಯಲ್ಲಿ ರಾಮನು ಮೊದಲೇ ಇದ್ದನು. ಹಾರುವ ಹನುಮಂತನನ್ನೂ ಉರಿಯುವ ಲಂಕೆಯನ್ನೂ ನೋಡುವಾಗ ಯುಕ್ತಿಯ ಕಡೆಗೆ ಅವರ ಗಮನ ಹರಿಯದಂತೆ ನೋಡಿಕೊಂಡದ್ದು ಫಾಲ್ಕೆಯವರ ಪರಿಶ್ರಮ.

1918ರಲ್ಲಿ ಪಾಲುದಾರರೊಡನೆ ಹಿಂದುಸ್ಥಾನ ಫಿಲ್ಮ್ ಕಂಪನಿ ಸ್ಥಾಪನೆಯಾಯಿತು. ಹಣ ಬಂದಿತು, ಹಣದೊಡನೆ ಹಣವಂತರ ಅಧಿಕಾರವೂ ಬಂದಿತು. ಮನಸ್ತಾಪ ಬೆಳೆದು ಫಾಲ್ಕೆಯವರು ಕಂಪನಿಯನ್ನು ಬಿಟ್ಟು ಕಾಶಿಗೆ ತೆರಳಿದರು. ಅಲ್ಲಿ ‘ರಂಗಭೂಮಿ’ ಎಂಬ ನಾಟಕವನ್ನು ಬರೆದರು. ಮರಳಿ ಬಂದು ಮತ್ತೆ ಚಿತ್ರಗಳನ್ನು ನಿರ್ದೇಶಿಸಿದರೂ ಹಿಂದಿನ ಕಳೆ ಬರಲಿಲ್ಲ. ಅಷ್ಟರಲ್ಲಿ 1931ರಲ್ಲಿ ಮಾತನಾಡುವ ಚಿತ್ರ ಬಂದಿತು. ಅವರು ನಿರ್ದೇಶಿಸಿದ ವಾಕ್ಚಿತ್ರ ‘ಗಂಗಾವತರಣ’ 1937ರಲ್ಲಿ ಕೊಲ್ಹಾಪುರದಲ್ಲಿ ಸಿದ್ಧವಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವನ್ನು ಅದಕ್ಕೆ ಕೆಲವೇ ವರ್ಷ ಮೊದಲು ತೆಗೆದುದು ಅದೇ ಊರಿನಲ್ಲಿ ಎಂಬುದನ್ನು ನಾವು ಕನ್ನಡಿಗರು ನೆನೆಯಬಹುದು. ಅನಂತರ ಅವರ ಕೈಗೆ ಚಿತ್ರ ಬರಲಿಲ್ಲ. 1944ರ ಫೆಬ್ರುವರಿ 16ರಂದು ನಾಶಿಕದಲ್ಲಿ ತೀರಿಕೊಂಡಾಗ ಅವರು ಸಂಪಾದಿಸಿದ್ದೆಲ್ಲ ಕರಗಿಹೋಗಿತ್ತು. ಅವರ ಹೆಸರಿನ ರಾಷ್ಟ್ರೀಯ ಪ್ರಶಸ್ತಿ ಆರಂಭವಾದುದು 1969ರಲ್ಲಿ. 1995ರ ಸಾಲಿನದು ನಮ್ಮ ಡಾ. ರಾಜಕುಮಾರರಿಗೆ ಸಂದಿತು.

ಅವರ ಚಿತ್ರಗಳಲ್ಲಿ ಬಹುಪಾಲು ಇಂದು ನಷ್ಟವಾಗಿವೆ. ಉಳಿದುಬಂದವುಗಳಲ್ಲಿ 1919ರ ‘ಕಾಳಿಯಾಮರ್ದನ’ವೊಂದು. ಬಾಲಕೃಷ್ಣನಾಗಿ ಅಭಿನಯಿಸಿದವಳು ಅವರ ಮಗಳು ಮಂದಾಕಿನಿ, ಪುಟ್ಟ ಹುಡುಗಿ. ಕಥೆ ತೊಡಗುವುದಕ್ಕೆ ಮೊದಲು ಫಾಲ್ಕೆಯವರು ಆ ಹುಡುಗಿಯ ಮುಖವನ್ನೇ ಹತ್ತಿರದಿಂದ ತೋರಿಸುತ್ತಾರೆ. ಅವಳು ಒಂದಾದಮೇಲೊಂದು ಭಾವಗಳನ್ನು ಅಭಿನಯಿಸುತ್ತಾಳೆ. ಇವಳು ಬರಿಯ ಹುಡುಗಿ, ಇದು ಬರಿಯ ನಟನೆ ಎಂದು ಐಂದ್ರಜಾಲಿಕನೇ ತನ್ನ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟಂತೆ. ಅನಂತರ ಅದೇ ಮುಖ ಕೃಷ್ಣನ ವೇಷದಲ್ಲಿ ಬರುತ್ತದೆ, ಯಮುನೆಗೆ ಇಳಿಯುತ್ತದೆ, ಹಾವಿನೊಡನೆ ಸೆಣಸುತ್ತದೆ. ಹಾವು ಬೊಂಬೆಯೆಂಬುದು ನೂರು ವರ್ಷಗಳ ಬಳಿಕ ನೋಡುವ ಎಂತಹ ಮಗುವಿಗೂ ತಿಳಿಯುತ್ತದೆ. ಆದರೂ ಹುಡುಗಿ ನೀರಿನಿಂದ ಮೇಲೆ ಬರುವವರೆಗೆ ನಾನು ಉಸಿರು ಬಿಗಿಹಿಡಿದಿದ್ದೆ.